ಅವಳು ನೋಡಿದ್ದು ಎತ್ತ

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ರಾಜೀವನಗರದಿಂದ ದೊಡ್ಡಪ್ಪನ ಫೋನ್ ಬಂತು. "ಮಗಾ, ಆ ಹಳೇ ದೆವ್ವದ ಪಿಚ್ಚರ್ ನಿನ್ ಟೀವೀಲಿ ಸಿಗುತ್ತಾ? ಅದ್ರಲ್ಲಿ ಒಂದು ಸೀನ್ ನಂಗೆ ನೋಡಿ ಹೇಳ್ಬೇಕು ಕಣಮ್ಮ."

ಅವರಿಗೆ ಕಣ್ಣು ಪೂರ್ತಿ ಹೋಗಿ ಎರಡು ವರ್ಷವಾಗಿತ್ತು. ಆದರೆ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿಯೇ ಸಂಸಾರ ಸಾಕಿದವರು. ಆ ಕಪ್ಪು-ಬಿಳುಪು ಚಿತ್ರವನ್ನು ಎಷ್ಟು ಸಲ ಓಡಿಸಿದ್ದರೋ. ಅವರಿಗೆ ನಾನು ಹೇಳಿಕೊಡುವುದೇ ಎಂದು ನಕ್ಕೆ.

"ನಗ್ಬೇಡ. ಆ ಸೀನ್ ನಾನ್ ನೋಡೇ ಇಲ್ಲ. ರೀಲ್ ಮುಗಿಯೋದು ಅಲ್ಲೇ. ಪರದೆ ಮೂಲೇಲಿ ಚುಕ್ಕಿ ಬಿದ್ರೆ ಎರಡ್ನೇ ಮೆಷಿನ್ ಶುರು ಮಾಡ್ಬೇಕು. ನನ್ ಕಣ್ಣೆಲ್ಲ ಚುಕ್ಕಿ ಮೇಲೇನೇ."

ಮಧ್ಯಾಹ್ನ ಊಟವಾದ ಮೇಲೆ ಸ್ಕೂಟರಿನಲ್ಲಿ ಅವರನ್ನು ಹೂಟಗಳ್ಳಿಯ ನಮ್ಮ ಮನೆಗೆ ಕರೆತಂದೆ. ಗಂಡ ಫ್ಯಾಕ್ಟರಿ ಶಿಫ್ಟಿಗೆ ಹೋಗಿದ್ದರು. ದೆವ್ವದ ಚಿತ್ರವೆಂದರೆ ನನಗೆ ಚಿಕ್ಕಂದಿನಿಂದ ಭಯ. ಕಿಟಕಿಗಳನ್ನೆಲ್ಲ ತೆರೆದಿಟ್ಟೇ ಟೀವಿ ಹಾಕಿದೆ.

ಕಥೆ ಏನೂ ದೊಡ್ಡದಲ್ಲ. ಹೊಸದಾಗಿ ಮದುವೆಯಾದವಳೊಬ್ಬಳು ದೊಡ್ಡ ಮನೆಯಲ್ಲಿ ಒಬ್ಬಳೇ ಇರುತ್ತಾಳೆ. ಏನೋ ಸದ್ದಾಗುತ್ತದೆ, ತಿರುಗಿ ನೋಡುತ್ತಾಳೆ. ಮರುಕ್ಷಣ ನಮಗೆ ಬೆಕ್ಕು ಕಾಣುತ್ತದೆ. ಮತ್ತೆ ನೋಡುತ್ತಾಳೆ, ಗಾಳಿಗೆ ಆಡುವ ಬಾಗಿಲು. ನಾನು ಕಂಡದ್ದನ್ನೆಲ್ಲ ಹೇಳುತ್ತಾ ಹೋದೆ. ದೊಡ್ಡಪ್ಪ ತಲೆಯಾಡಿಸುತ್ತಿದ್ದರು.

ಆಮೇಲೆ ಅವಳು ತಲೆ ಬಾಚಲು ಕೂತಳು. ಸಂಗೀತ ನಿಂತಿತು. ಬಾಚಣಿಗೆಯ ಸದ್ದೂ ನಿಂತಿತು. ಅವಳು ಮೆಲ್ಲಗೆ ಮುಖವೆತ್ತಿ ನೋಡಿದಳು. ನನ್ನನ್ನಲ್ಲ, ನನ್ನ ತಲೆಯ ಮೇಲಿಂದ, ನನ್ನ ಹಿಂದೆ ಇರುವ ಏನನ್ನೋ. ಅವಳ ತುಟಿ ನಡುಗಿತು. ಏನು ಕಂಡಳೆಂದು ತೋರಿಸುತ್ತಾರೆಂದು ಕಾದೆ. ತೋರಿಸಲಿಲ್ಲ.

ತಿರುಗಿಬಿಟ್ಟೆ. ಹಿಂದೆ ಇಸ್ತ್ರಿ ಬಟ್ಟೆಯ ರಾಶಿ ಬಿಟ್ಟರೆ ಏನೂ ಇರಲಿಲ್ಲ.

"ಕುರ್ಚಿ ಸದ್ದಾಯ್ತು," ಎಂದರು ದೊಡ್ಡಪ್ಪ. "ತಿರುಗ್ಬುಟ್ಟಾ?"

"ಹೂಂ."

"ಎಲ್ಲಾರೂ ಹಂಗೇ ತಿರುಗೋರು ಕಣಮ್ಮ. ಪ್ರತಿ ಆಟದಲ್ಲೂ. ನಾನು ಜನರ ಹಿಂದೆ ಮೇಲಿನ ಮೆಷಿನ್ ರೂಮಲ್ಲಿ ಗಾಜಿನ ಕಿಂಡೀಲಿ ಚುಕ್ಕಿ ನೋಡ್ತಿದ್ರೆ, ಕೆಳಗೆ ಕತ್ತಲಲ್ಲಿ ನೂರಾರು ಮುಖ ಒಟ್ಟಿಗೆ ನನ್ ಕಡೆ ತಿರುಗೋವು. ಚೀರೋರು. ಮೆಷಿನ್ ಗಲಾಟೇಲಿ ಅದೂ ನೆಟ್ಟಗೆ ಕೇಳ್ತಿರ್ಲಿಲ್ಲ. ನನ್ ಬೆನ್ನ ಹಿಂದೆ ಯಾರೋ ನಿಂತವ್ರೆ, ಜನಕ್ಕೆಲ್ಲ ಕಾಣ್ತಾರೆ, ನಂಗೊಬ್ಬನಿಗೆ ಕಾಣಲ್ಲ ಅನ್ಸೋದು. ಚುಕ್ಕಿ ಬಿಟ್ಟು ತಿರುಗೋ ಹಂಗಿಲ್ಲ. ಆಮೇಲೆ ತಿರುಗೋಕೆ ಧೈರ್ಯ ಇಲ್ಲ."

ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಕಣ್ಣು ಹೋದ ಮೇಲೆ ಆ ಮುಖಗಳು ಇನ್ನೂ ಹೆಚ್ಚು ಕಾಣುತ್ತವಂತೆ.

ಮನಸ್ಸಿಲ್ಲದಿದ್ದರೂ ಆ ಭಾಗವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ಆಗ ನಿರ್ದೇಶಕನ ಕೈಚಳಕ ತಿಳಿಯಿತು. ಅಲ್ಲಿಯವರೆಗೆ ಅವಳು ನೋಡಿದ್ದನ್ನೆಲ್ಲ ತಪ್ಪದೆ ತೋರಿಸಿ ನಮಗೆ ರೂಢಿ ಮಾಡಿಸಿದ್ದ. ಈ ಒಂದು ಸಲ ಮಾತ್ರ ತೋರಿಸದೆ, ಸದ್ದನ್ನೂ ಕಿತ್ತುಕೊಂಡು, ಹುಡುಕುವ ಕೆಲಸವನ್ನು ನಮಗೇ ಬಿಟ್ಟಿದ್ದ. ರಕ್ತವಿಲ್ಲ, ಕೋರೆಹಲ್ಲಿಲ್ಲ. ಒಂದು ಜೊತೆ ಕಣ್ಣು, ಅಷ್ಟೆ.

ಅದನ್ನೆಲ್ಲ ಬಿಡಿಸಿ ಹೇಳಿದೆ.

"ಹಂಗಾದ್ರೆ ನನ್ ಹಿಂದೆ ಯಾರೂ ಇರ್ಲಿಲ್ಲ?"

"ಯಾರೂ ಇರ್ಲಿಲ್ಲ ದೊಡ್ಡಪ್ಪ. ಪರದೆ ಮೇಲೂ ಏನೂ ಇಲ್ಲ."

"ಆ ಡೈರೆಕ್ಟ್ರು ಎಂಥಾ ಕಿಲಾಡಿ ಮುಂಡೇದು!" ಎಂದು ಅವರು ತೊಡೆ ತಟ್ಟಿಕೊಂಡು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಆಮೇಲೆ ತಲೆ ವಾಲಿಸಿ, "ಅಲ್ಲ ಮಗಾ, ನೀನ್ಯಾಕೆ ಗೋಡೆ ಹತ್ರದಿಂದ ಮಾತಾಡ್ತಿದೀಯಾ?" ಎಂದರು.

ನಾನು ಬೆನ್ನನ್ನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಯಾವಾಗ ಎದ್ದು ಬಂದೆನೋ ನನಗೇ ಗೊತ್ತಿರಲಿಲ್ಲ.

ಸಂಜೆ ಬಿಸಿಲಿರುವಾಗಲೇ ಅವರನ್ನು ವಾಪಸ್ ಬಿಟ್ಟುಬಂದೆ. ಹೋಗುವಾಗ ಹಿಂದಿನ ಸೀಟಿನಲ್ಲಿ ಕೂತು ಹಳೆಯ ಹಾಡು ಗುನುಗುತ್ತಿದ್ದರು. ಬರುವಾಗ ರಿಂಗ್ ರೋಡಿನುದ್ದಕ್ಕೂ ಎದುರಿಗೆ ಬಂದ ಪ್ರತಿಯೊಬ್ಬರ ಮುಖ ನೋಡಿದೆ, ನನ್ನ ಹೆಗಲಾಚೆಗೆ ಯಾರಾದರೂ ಕಣ್ಣು ಹಾಯಿಸುತ್ತಾರೇನೋ ಎಂದು. ಸಿಗ್ನಲ್ಲಿನಲ್ಲಿ ಒಬ್ಬ ಹೆಂಗಸು ಹಾಗೆ ನೋಡಿದಳು. ಬಸ್ಸಿಗೆ ಕಾಯುತ್ತಿದ್ದಳೇನೋ. ಹಸಿರು ದೀಪ ಬಿದ್ದರೂ ನನಗೆ ಗಾಡಿ ಎತ್ತಲಾಗಲಿಲ್ಲ.