ಸಹಿಗಳ ಹಿಂದೆ ಬಿದ್ದ ಶ್ಯಾಮರಾವ್ ವಕೀಲರು

ಶ್ಯಾಮರಾವ್ ವಕೀಲರು ನಾಣ್ಯದ ಪೆಟ್ಟಿಗೆ ತೆರೆಯುವ ಮುನ್ನ ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಎದುರಿಗೆ ಕೂತವರೂ ಮುಚ್ಚಿಕೊಳ್ಳಬೇಕು. ಉಸಿರಿನ ಹಬೆ ತಾಗಿದರೂ ನಾಣ್ಯ ಮಂಕಾಗುತ್ತದೆಂದು ಅವರ ಭಯ. ಎಪ್ಪತ್ತರ ದಶಕದ ಕೊನೆಯಲ್ಲಿ, ಕಾನೂನು ಪರೀಕ್ಷೆ ಮುಗಿಸಿ, ಅಕ್ಕಿಆಲೂರಿನಿಂದ ಸವಣೂರಿಗೆ ಅವರ ಕೈಕೆಳಗೆ ಕೆಲಸ ಕಲಿಯಲು ಹೋದೆ. ನಮಸ್ಕಾರ ಮಾಡಿ ಮಾತು ಶುರುಮಾಡುವಷ್ಟರಲ್ಲಿ ಕೈ ಎತ್ತಿ ತಡೆದರು.

“ತಮ್ಮಾ, ಮೊದಲ ಬಾಯಿ ಮುಚ್ಚಿಕೋ. ಹೆಸರು ಆಮ್ಯಾಲೆ ಹೇಳೀಯಂತ.”

ನಾನು ಕರವಸ್ತ್ರ ಹಿಡಿದು ಬಗ್ಗಿ ನೋಡಿದೆ. ದಪ್ಪ ಬಿಳಿ ರಟ್ಟಿನ ನಡುವೆ ಕೊರೆದ ಗುಂಡಿಯಲ್ಲಿ ಬೆಳ್ಳಿಯ ನಾಣ್ಯವೊಂದು ಕೂತಿತ್ತು. ಅದರ ನುಣುಪಾದ ಮೈಯಲ್ಲಿ ನನ್ನ ಮೂಗು, ಹುಬ್ಬು, ಹಿಂದಿನ ಕಿಟಕಿಯ ಸರಳು ಎಲ್ಲ ಕಂಡವು. ಕನ್ನಡಿಯೇ ಸರಿ.

“ಸಂತ್ಯಾಗ ಓಡಾಡೋ ನಾಣ್ಯಕ್ಕ ಟಂಕಸಾಲ್ಯಾಗ ಒಂದ ಪೆಟ್ಟು. ಇದಕ್ಕ ಎರಡು. ಅಚ್ಚು ಬ್ಯಾರೆ ಉಜ್ಜಿರ್ತಾರ. ಯಾರ ಕಿಸೆಗೂ ಹೋಗೂದಲ್ಲ ಇದು. ಬರೇ ನೋಡ್ಲಿಕ್ಕೆ ಹುಟ್ಟಿದ್ದು,” ಎಂದರು.

ಮುಂಬಯಿಯ ಟಂಕಸಾಲೆ ವಿಶೇಷ ಸಂದರ್ಭಗಳಿಗೆಂದು ಒತ್ತುತ್ತಿದ್ದ ಇಂಥ ನಾಣ್ಯಗಳಿಗೆ ಮುಂಗಡ ಕಳಿಸಿ ತಿಂಗಳುಗಟ್ಟಲೆ ಕಾಯುತ್ತಿದ್ದರು. ನಾಣ್ಯ ಬಂದ ಮೇಲೆ ಅವರ ಎರಡನೆಯ ಕೆಲಸ ಶುರು. ರಟ್ಟಿನಲ್ಲಿ ಅದರ ಕೆಳಗೆ ಜಾಗ ಬಿಟ್ಟು, ಅಲ್ಲಿ ಹೆಸರುವಾಸಿ ವ್ಯಕ್ತಿಯೊಬ್ಬರ ಸಹಿ ಹಾಕಿಸಬೇಕು. ಯಾರು ಇದನ್ನು ಹೇಳಿಕೊಟ್ಟರೋ ತಿಳಿಯದು. ಬಹುಶಃ ಅವರದೇ ಹುಚ್ಚು. ಹಾನಗಲ್ಲಿಗೆ ಕುಸ್ತಿಗೆ ಬಂದ ಪೈಲವಾನನೊಬ್ಬ ಪೆನ್ನು ಒತ್ತಿದ ರಭಸಕ್ಕೆ ರಟ್ಟು ಹರಿದಿತ್ತು. ಅದನ್ನು ಹಾಗೆಯೇ ಇಟ್ಟಿದ್ದರು. “ಆತನ ತೋಳು ಇದರಾಗ ಅದ ನೋಡು,” ಎನ್ನುವರು. ಸಂಗೀತಗಾರರೊಬ್ಬರು ಮಠದಲ್ಲಿ ಹಾಡಿ ಹೊರಡುವಾಗ ಟಾಂಗಾದ ಹಿಂದೆ ಓಡಿ ಸಹಿ ಪಡೆದಿದ್ದರಂತೆ. ಕೋರ್ಟಿನಲ್ಲಿ ಒಂದು ಹೆಜ್ಜೆಯನ್ನೂ ಅವಸರದಿಂದ ಇಡದ ಮನುಷ್ಯ ಧೋತರ ಎತ್ತಿಕೊಂಡು ಓಡಿದ್ದನ್ನು ಸವಣೂರಿನವರು ನೆನೆಸಿಕೊಂಡು ನಗುತ್ತಿದ್ದರು.

ಮಕ್ಕಳಿರಲಿಲ್ಲ. ಹೆಂಡತಿ ಇಂದಿರಾಬಾಯಿ ನನಗೆ ಅವಲಕ್ಕಿ ಕೊಡುತ್ತ, “ಖರ್ಚಾಗಲಾರದ ರೊಕ್ಕ, ಮಾತಾಡಲಾರದ ಗಂಡ. ಎರಡೂ ನನಗ ಗಂಟು ಬಿದ್ದಾವ ನೋಡಪಾ,” ಎಂದು ಒಮ್ಮೆ ಅಂದಾಗ, ನಗಬೇಕೋ ಬಿಡಬೇಕೋ ತಿಳಿಯದೆ ತಟ್ಟೆ ನೋಡುತ್ತ ಕೂತಿದ್ದೆ. ಆ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ಹೊತ್ತು ಗಡಿಯಾರದ ಸಪ್ಪಳ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಆದರೆ ಒಂದು ರಟ್ಟು ತೆಗೆದಾಗ ಮಾತ್ರ ವಕೀಲರ ಮುಖ ಅರಳುತ್ತಿತ್ತು. ಮಹಿಳಾ ವರ್ಷಕ್ಕೆಂದು ಒತ್ತಿದ ನಾಣ್ಯ ಅದು. ಕೆಳಗೆ ಬಳ್ಳಿಯಂತೆ ಬಾಗಿದ ಅಕ್ಷರಗಳಲ್ಲಿ ‘ಮಾಸೂರು ಕನಕಪ್ರಭಾ’ ಎಂಬ ಸಹಿ. ನಾಟಕ ಕಂಪನಿಯ ದೊಡ್ಡ ನಟಿ ಆಕೆ. ರಾಣಿಯಾಗಿ, ಪಂಡಿತರನ್ನು ವಾದದಲ್ಲಿ ಸೋಲಿಸುವ ವಿದುಷಿಯಾಗಿ ಆಕೆ ಮಾತಾಡುತ್ತಿದ್ದರೆ ಥಿಯೇಟರಿನ ತಗಡು ನಡುಗುತ್ತಿತ್ತೆಂದು ಜನ ಹೇಳುತ್ತಿದ್ದರು.

“ಹಾನಗಲ್ಲ ಕ್ಯಾಂಪಿನ್ಯಾಗ, ನನ್ನ ಕಣ್ಣ ಮುಂದ ಸಹಿ ಮಾಡಿದ್ಲು. ಪೆನ್ನೂ ನಂದ,” ಎಂದು ವಕೀಲರು ಬಂದವರಿಗೆಲ್ಲ ಹೇಳುತ್ತಿದ್ದರು. ಆಮೇಲೆ ತಮ್ಮ ಮೆಚ್ಚಿನ ಮಾತು: “ಮಾರಿ ಸುಳ್ಳು ಹೇಳ್ತದ, ನಾಲಿಗಿ ಸುಳ್ಳು ಹೇಳ್ತದ. ಸಹಿ ಸುಳ್ಳು ಹೇಳೂದಿಲ್ಲ.”

ಎಂಬತ್ತರ ದಶಕ ಶುರುವಾಗಿತ್ತು. ಕಂಪನಿ ಮುಚ್ಚಿ ಕೆಲವು ವರ್ಷಗಳಾಗಿದ್ದವು. ಒಂದು ಬೆಳಿಗ್ಗೆ ಬಿಳಿ ಸೀರೆಯ ಎತ್ತರದ ಹೆಂಗಸೊಬ್ಬಳು ಮೆಟ್ಟಿಲೇರಿ ಬಂದಳು. ಕೈಯಲ್ಲಿ ಕೋರ್ಟಿನ ಸಮನ್ಸ್. ವಕೀಲರು ಕನಕಪ್ರಭಾಳನ್ನು ಗುರುತಿಸಿ ಎದ್ದು ನಿಂತರು. ನ್ಯಾಯಾಧೀಶರ ಮುಂದೆ ಬಿಟ್ಟರೆ ಅವರು ಹಾಗೆ ಎದ್ದು ನಿಂತದ್ದನ್ನು ನಾನು ಕಂಡಿರಲಿಲ್ಲ.

ಸಂಗತಿ ಇಷ್ಟು: ಕಂಪನಿಯ ಹಳೆಯ ಮ್ಯಾನೇಜರ ಹಿರೇಕೆರೂರಿನ ಕೋರ್ಟಿನಲ್ಲಿ ದಾವೆ ಹೂಡಿದ್ದ. ಮಾಸೂರಿನ ತನ್ನ ಮನೆಯನ್ನು ಆಕೆ ಅವನಿಗೆ ಮಾರಲು ಒಪ್ಪಿ, ಕರಾರುಪತ್ರಕ್ಕೆ ಸಹಿ ಮಾಡಿದ್ದಾಳೆ ಎಂಬುದು ಅವನ ವಾದ.

“ಅಂಜಬ್ಯಾಡ್ರಿ,” ಎಂದು ವಕೀಲರು ವಕಾಲತ್ತಿನ ಕಾಗದ ಮುಂದಿಟ್ಟು ತಮ್ಮ ಪೆನ್ನನ್ನೇ ತೆರೆದು ಕೊಟ್ಟರು. ಆಕೆ ಪೆನ್ನು ಮುಟ್ಟಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದಳು.

“ಶಾಯಿ ಪ್ಯಾಡ್ ಐತೇನ್ರಿ?”

ಹೆಬ್ಬೆಟ್ಟು ಒತ್ತುವಾಗ ವಕೀಲರು ಆಕೆಯ ಮುಖವನ್ನೇ ದಿಟ್ಟಿಸುತ್ತಿದ್ದರು. ಆಕೆ ತಲೆ ಎತ್ತಲಿಲ್ಲ.

“ನನ್ನ ಹೆಸರು ದ್ಯಾಮವ್ವರಿ. ಕನಕಪ್ರಭಾ ಅಂತ ಇಟ್ಟಾಂವ ಮ್ಯಾನೇಜರ, ಸಹಿ ಮಾಡ್ತಿದ್ದಾಂವನೂ ಅವನ. ನಾಟಕದ ಮಾತು ಎಲ್ಲಾ ಕೇಳಿ ಕೇಳಿ ಬಾಯಿಪಾಠ ಮಾಡೀನ್ರಿ. ಅಕ್ಷರ ಯಾರು ಕಲಸ್ತಾರ? ಕರಾರಿನ ಮ್ಯಾಲಿನ ಸಹಿ ನಂದಲ್ಲ ಅಂತ ಹೇಳ್ರಿ. ಆದ್ರ ಬರಿಯಾಕ ಬರಂಗಿಲ್ಲ ಅಂತ ಮಾತ್ರ ಅನಬ್ಯಾಡ್ರಿ. ಕೈಮುಗಿತೇನಿ.”

ಆಕೆ ಹೋದ ಮೇಲೆ ವಕೀಲರು ಊಟಕ್ಕೆ ಏಳಲಿಲ್ಲ. ಬರೆಯಲು ಬಾರದೆಂಬುದನ್ನು ಹೇಳದೆ ಆ ದಾವೆ ಗೆಲ್ಲುವಂತಿರಲಿಲ್ಲ. ಕೊನೆಗೆ ಅವರೇ ಮಾಸೂರಿಗೆ ಹೋಗಿ ಆಕೆಯನ್ನು ಒಪ್ಪಿಸಿ ಬಂದರು. ಹೇಗೆ ಒಪ್ಪಿಸಿದರೆಂದು ನನಗೆ ಹೇಳಲಿಲ್ಲ.

ಮ್ಯಾನೇಜರನ ವಕೀಲ ಕಾದು ಕೂತಿದ್ದ. ವಿಚಾರಣೆಯ ದಿನ ಎದ್ದು, “ಈಕೆಗೆ ಸಹಿ ಬರೋದಿಲ್ಲ ಅಂತಾರ. ಈಕೆ ಕಣ್ಣ ಮುಂದ ಸಹಿ ಮಾಡಿದ್ಲು ಅಂತ ಈಕೆಯ ವಕೀಲರೇ ಊರ ತುಂಬ ಹೇಳ್ಯಾರ. ರಟ್ಟು ಅವರ ಮನ್ಯಾಗ ಅದ. ತರಿಸ್ಬೇಕು ಸಾಹೇಬ್ರ,” ಎಂದ. ಕೋರ್ಟು ಗೊಳ್ಳೆಂದಿತು. ಶ್ಯಾಮರಾಯರು ಕೂತಲ್ಲೇ ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

ಸಾಕ್ಷಿ ಹೇಳಬೇಕಾದವರು ವಕಾಲತ್ತು ನಡೆಸುವಂತಿಲ್ಲ. ಅವರು ದಾವೆಯನ್ನು ನನ್ನ ಕೈಗೆ ಕೊಟ್ಟು ಕಟಕಟೆ ಹತ್ತಿದರು. ಪ್ರಶ್ನೆ ಕೇಳಬೇಕಾದವನು ನಾನು.

“ಈ ಸಹಿ ಮಾಡುವುದನ್ನು ನೀವು ಕಂಡಿರಾ?”

“ಇಲ್ಲ. ಮ್ಯಾನೇಜರ ರಟ್ಟು ಇಸಗೊಂಡು ಪರದೆ ಹಿಂದ ಹೋದ. ಹೊರಗ ಬಂದಾಗ ಶಾಯಿ ಹಸಿ ಇತ್ತು. ಕಣ್ಣಾರೆ ಕಂಡೆ ಅಂತ ಇಷ್ಟು ವರ್ಷ ಹೇಳಿದ್ದು ಸುಳ್ಳು.”

“ಯಾಕ ಹೇಳಿದ್ರಿ?” ಎಂದು ಎದುರು ವಕೀಲ ಕೇಳಿದ.

“ಕೇಳೋವ್ರು ನನ್ನ ಮಾತು ಕೇಳ್ಲಿ ಅಂತ.”

“ಹಂಗಾರ ಉಳಿದ ಸಹಿಗೋಳು? ಅವೂ ಸುಳ್ಳ ಏನು?”

“ಗೊತ್ತಿಲ್ಲ,” ಎಂದರು. ಟಾಂಗಾದ ಹಿಂದೆ ಓಡಿದ್ದನ್ನು ಊರೇ ಕಂಡಿತ್ತು. ಆದರೂ ಅವರು ಹಾಗೆಂದರು.

ರಟ್ಟಿಗೆ ಕೋರ್ಟಿನ ಗುರುತು ಹಾಕಬೇಕಿತ್ತು. ಗುಮಾಸ್ತ ನಾಣ್ಯವನ್ನು ಬರಿಗೈಯಿಂದ ಕಿತ್ತು, ಅಂಗೈಯಲ್ಲಿ ಹೊರಳಿಸಿ ನೋಡಿ ಮೇಜಿನ ಮೇಲೆ ಹಾಕಿದ. ಅದರ ಮೇಲೆ ಅವನ ಬೆರಳಿನ ಜಿಡ್ಡು ಮೂಡಿದ್ದು ನನಗೆ ಕಂಡಿತು. ಶ್ಯಾಮರಾಯರು ಅತ್ತ ನೋಡಲೇ ಇಲ್ಲ. ಕರಾರಿನ ಸಹಿ, ರಟ್ಟಿನ ಸಹಿ, ಮ್ಯಾನೇಜರನ ಕೈಬರಹ ಮೂರೂ ಒಂದೇ ಕೈಯವು ಎಂದು ತಜ್ಞರು ಹೇಳಿದರು. ದಾವೆ ವಜಾ ಆಯಿತು.

ತೀರ್ಪಿನ ದಿನ ಹೊರಗೆ ಬೇವಿನ ಮರದ ಕೆಳಗೆ ಆಕೆ ನಿಂತಿದ್ದಳು. ಸುತ್ತ ಜನ. ಹಿಂದಿನಿಂದ ಯಾರೋ “ಹೆಬ್ಬೆಟ್ಟಿನ ರಾಣಿ!” ಎಂದು ಕೂಗಿದರು. ವಕೀಲರು ಹತ್ತಿರ ಹೋದಾಗ ಆಕೆ ಕೈಮುಗಿದಳು, ಸಂತೋಷವೇನೂ ಇರಲಿಲ್ಲ.

“ಮನಿ ಉಳೀತ್ರಿ. ಹೆಸರು ಹೋತು.”

ಆಮೇಲೆ ಶ್ಯಾಮರಾಯರ ಕಡೆ ಕಕ್ಷಿದಾರರು ಬರುವುದು ಕಡಿಮೆಯಾಯಿತು. ಕೋರ್ಟಿನಲ್ಲಿ ತಾನೇ ಸುಳ್ಳುಗಾರನೆಂದು ಒಪ್ಪಿದ ವಕೀಲನ ಹತ್ತಿರ ಯಾರು ಹೋಗುತ್ತಾರೆ? ನಾನು ಶಿಗ್ಗಾವಿಗೆ ಹೋಗಿ ಸ್ವಂತ ಕಚೇರಿ ತೆರೆದೆ. ಎಂಟು ದಿನಕ್ಕೊಮ್ಮೆ ಸವಣೂರಿಗೆ ಹೋಗುತ್ತಿದ್ದವನು ಬರಬರುತ್ತ ಹಬ್ಬಕ್ಕೆ ಮಾತ್ರ ಹೋಗುವಂತಾದೆ. ಪೆಟ್ಟಿಗೆಯ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಅವರೇ ನನ್ನ ಕಚೇರಿಗೆ ಬಂದರು. ತುಂಬ ಇಳಿದಿದ್ದರು, ಅಂಗಿ ಹೆಗಲಿನಿಂದ ಜಾರುತ್ತಿತ್ತು.

“ಪಾಟೀಲ, ಮಾಸೂರಿಗೆ ಹೋಗಿ ಬರೂಣು ನಡಿ. ಒಬ್ಬನ ಹೋಗ್ಲಿಕ್ಕೆ ಧೈರ್ಯ ಸಾಲೂದಿಲ್ಲ.”

ಮಾಸೂರಿನಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಆ ಮನೆಯ ಬಾಗಿಲು ಅರ್ಧ ತೆರೆದಿತ್ತು. ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದ ನೆರೆಮನೆಯ ಹೆಂಗಸು ನಮ್ಮನ್ನು ಕಂಡು ಒಳಗೆ ಕೂಗಿ ಹೇಳಿದಳು. ಆಮೇಲೆ ಒಳಗಿನಿಂದ ಆ ದೊಡ್ಡ, ಸ್ಪಷ್ಟ ದನಿ ಬಂತು.

“ವಕೀಲರಿಗೆ ಹೇಳವಾ, ದ್ಯಾಮವ್ವ ಮನ್ಯಾಗ ಅದಾಳ, ಆರಾಮ ಅದಾಳ. ಕನಕಪ್ರಭಾನ್ನ ನೋಡಾಕ ಬಂದಿದ್ರ ಆಕಿ ಇಲ್ಲ ಅಂತ ಹೇಳು.”

ಬಾಗಿಲು ಪೂರ್ತಿ ತೆರೆಯಲಿಲ್ಲ. ಶ್ಯಾಮರಾಯರು ಚಪ್ಪಲಿ ಬಿಟ್ಟು, ಆ ಅರ್ಧ ಬಾಗಿಲಿಗೆ ಕೈಮುಗಿದು ಹಿಂದಿರುಗಿದರು. ಬಸ್ಸು ಹಾನಗಲ್ಲು ದಾಟಿದ ಮೇಲೆ, ನನ್ನ ಕಡೆ ತಿರುಗದೆ ಹೇಳಿದರು.

“ಪಾಟೀಲ, ಸಹಿ ಬರಲಾರದವರು ನಿನ್ನ ಹತ್ರನೂ ಬರ್ತಾರ. ಹೆಬ್ಬೆಟ್ಟು ಒತ್ತೂವಾಗ ಅವರ ಮಾರಿ ನೋಡಬ್ಯಾಡ. ನಾ ನೋಡಿದೆ.”

ನವರಾತ್ರಿಗೆ ಮೊದಲೇ ಅವರು ತೀರಿಕೊಂಡರು. ಸುದ್ದಿ ತಿಳಿದು ನಾನು ಸವಣೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಂದಿರಾಬಾಯಿ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ನಾನೂ ಕೂತೆ. ಗೋಡೆಯ ಮೇಲೆ ಗಡಿಯಾರ ನಡೆದೇ ಇತ್ತು.