ಅಮ್ಮ ಗೋಡೆಗೆ ಹೇಳಿದ ಮಾತು

ನಮ್ಮಮ್ಮನಿಗೆ ಎರಡು ಗಂಟಲು. ಒಂದು ಜನಕ್ಕೆ, ಇನ್ನೊಂದು ಗೋಡೆಗೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದಾಗ ಕಲಿತ ವಿದ್ಯೆ ಅದು. "ಸ್ವಲ್ಪ ಕಾಯಿರಿ ಸಾರ್, ಲೈನು ಕೊಡ್ತೀನಿ" ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳುವುದು, ಸ್ವಿಚ್ಚು ಆರಿಸುವುದು, ಆಮೇಲೆ ಗೋಡೆಯ ಕಡೆ ತಿರುಗಿ "ಇವರಪ್ಪನ ಮನೆ ಲೈನು ನೋಡು, ಕೇಳಿದ ತಕ್ಷಣ ಸಿಗೋಕೆ" ಎಂದು ಗೊಣಗುವುದು. ಕೆಲಸದಿಂದ ನಿವೃತ್ತಳಾದರೂ ಅಭ್ಯಾಸ ನಿವೃತ್ತವಾಗಲಿಲ್ಲ. ನೆಂಟರ ಎದುರಿಗೆ ನಗುನಗುತ್ತಲೇ ಇರುತ್ತಾಳೆ. ಅಡುಗೆಮನೆಗೆ ಬಂದು ಗೋಡೆಗೆ ಮುಖ ಮಾಡಿದಳೋ, ಅವರ ಜನ್ಮ ಜಾಲಾಡುತ್ತಾಳೆ.

ನನ್ನ ಮಗಳು ಪುಟ್ಟಿ ಬೆಳೆದದ್ದು ಅಮ್ಮನ ಮಡಿಲಲ್ಲಿ. ನಾನೂ ಹೆಂಡತಿಯೂ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ಮನೆಯಲ್ಲಿ ಅವರಿಬ್ಬರದೇ ರಾಜ್ಯ. ಈಗ ಪುಟ್ಟಿ ಶಾಲೆಗೆ ಸೇರಬೇಕಿತ್ತು. ಸೀಟು ಸಿಕ್ಕ ಶಾಲೆ ನಮ್ಮತ್ತೆಯ ಮನೆಯ, ಅಂದರೆ ಹೆಂಡತಿಯ ತವರಿನ, ಬೀದಿಯಲ್ಲಿತ್ತು, ನಮ್ಮ ಮನೆಯಿಂದ ಬಲು ದೂರ. ವಾರವೆಲ್ಲ ಅಲ್ಲಿ, ಶನಿವಾರ ಭಾನುವಾರ ಇಲ್ಲಿ ಎಂದು ನಾವಿಬ್ಬರೂ ತೀರ್ಮಾನಿಸಿ ಅಮ್ಮನಿಗೆ ತಿಳಿಸಿದೆವು. "ಒಳ್ಳೇದೇ ಆಯ್ತಲ್ಲ" ಎಂದು ಅಮ್ಮ ಗೋಡೆಯ ಕಡೆ ತಿರುಗಿದಳು. ನಾನು ಮೆಲ್ಲಗೆ ಜಾಗ ಖಾಲಿ ಮಾಡಿದೆ.

ಬೀಗಿತ್ತಿಯರಿಬ್ಬರೂ ಒಂದಿಷ್ಟು ಹೊಂದಿಕೊಳ್ಳಲಿ ಅಂತ ಒಂದು ಭಾನುವಾರ ಎಲ್ಲರನ್ನೂ ಮಕ್ಕಳ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಅಲ್ಲಿ ಯಾವುದನ್ನು ಬೇಕಾದರೂ ಮುಟ್ಟಬಹುದು, ತಿರುಗಿಸಬಹುದು, ಎಳೆಯಬಹುದು. ನಮ್ಮತ್ತೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವರು, ಮಕ್ಕಳ ಜೊತೆ ಮಕ್ಕಳಾಗುವುದರಲ್ಲಿ ಎತ್ತಿದ ಕೈ. ಚಪ್ಪಲಿ ಬಿಟ್ಟು, ಸೀರೆ ಸಿಕ್ಕಿಸಿ, ಪುಟ್ಟಿಯ ಜೊತೆ ಸೋಪಿನ ನೀರಿನ ತೊಟ್ಟಿಯ ನಡುವಿನ ಕಟ್ಟೆ ಹತ್ತಿ ನಿಂತೇಬಿಟ್ಟರು. ಹಗ್ಗ ಎಳೆದರೆ ದೊಡ್ಡ ಬಳೆಯೊಂದು ಮೇಲೇರಿ, ಸುತ್ತ ಸೋಪಿನ ಪರದೆ ಏಳುತ್ತಿತ್ತು. ಮಂಡಿನೋವಿನ ಅಮ್ಮ ಬೆಂಚಿನ ಮೇಲೆ, ಎಲ್ಲರ ಬ್ಯಾಗುಗಳ ನಡುವೆ ತಾನೂ ಒಂದು ಬ್ಯಾಗಿನ ಹಾಗೆ ಕೂತಿದ್ದಳು.

"ನೋಡಿ ಬೀಗ್ರೇ, ನಾವಿಬ್ರೂ ಗುಳ್ಳೆ ಒಳಗಿದ್ದೀವಿ" ಎಂದರು ಅತ್ತೆ.

"ಚೆನ್ನಾಗಿದೆ, ಚೆನ್ನಾಗಿದೆ" ಎಂದು ನಕ್ಕ ಅಮ್ಮ, ನನ್ನ ಕಡೆ ವಾಲಿ, "ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಜಾರಿ ಬಿದ್ರೆ ಯಾರು ನೋಡ್ಕೋತಾರೆ?" ಎಂದಳು. ಅತ್ತೆ ಬೀಳಲಿಲ್ಲ. ಅಮ್ಮನ ಸಂಕಟವೂ ಅದೇ.

ಅಷ್ಟರಲ್ಲಿ ಪುಟ್ಟಿ ನಮ್ಮ ಕಡೆ ಓಡಿ ಬಂದಳು. ಅಮ್ಮ ಮುಖ ಅರಳಿಸಿ ಎರಡೂ ಕೈ ಚಾಚಿದಳು. ಪುಟ್ಟಿ ಆ ಕೈಗಳ ಕೆಳಗಿಂದ ನುಸುಳಿ, ಬ್ಯಾಗಿನಿಂದ ನೀರಿನ ಬಾಟಲಿ ತೆಗೆದುಕೊಂಡಳು.

"ಅಜ್ಜಿಗೆ ಬಾಯಾರಿಕೆಯಂತೆ" ಎಂದು ಹೇಳಿ ಹಾಗೇ ಓಡಿದಳು.

ಅಲ್ಲಿಯವರೆಗೆ ಪುಟ್ಟಿಯ ಬಾಯಲ್ಲಿ ಬರೀ ಅಜ್ಜಿ ಅಂದರೆ ನಮ್ಮಮ್ಮ. ಅತ್ತೆ 'ಆ ಮನೆ ಅಜ್ಜಿ' ಆಗಿದ್ದರು. ಅಮ್ಮ ಚಾಚಿದ ಕೈಗಳನ್ನು ಮಡಚಿ, ಮಂಡಿ ಹಿಡಿದುಕೊಂಡು ಎದ್ದಳು.

ಹಾಲಿನ ಆ ತುದಿಗೆ, ಗೋಡೆಗೆ ಒರಗಿಸಿದ ಹಾಗೆ, ಆಳೆತ್ತರದ ತಗಡಿನ ಬೋಗುಣಿಯೊಂದನ್ನು ನಿಲ್ಲಿಸಿದ್ದರು. ಅಮ್ಮ ಸೀದಾ ಅಲ್ಲಿಗೆ ಹೋಗಿ, ಜನಕ್ಕೆಲ್ಲ ಬೆನ್ನು ಹಾಕಿ, ಅದರೊಳಗೆ ಮುಖವಿಟ್ಟು ಶುರು ಮಾಡಿದಳು. ಹಿಂದೆಯೇ ಹೋದ ನನಗೆ ಒಂದೊಂದು ಮಾತೂ ಕೇಳಿಸಿತು.

"ಹಬೆಯಾಡೋ ನೀರಲ್ಲಿ ಬಟ್ಟೆ ಒಗೆದವಳು ನಾನು, ಜ್ವರ ಬಂದಾಗ ಎದೆ ಮೇಲೆ ಮಲಗಿಸ್ಕೊಂಡವಳು ನಾನು. ಇವಳು ಸೋಪಿನ ಗುಳ್ಳೆ ಊದಿ ಅಜ್ಜಿ ಆಗ್ಬಿಟ್ಳು. ಕರ್ಕೊಂಡು ಹೋಗ್ಲಿ. ಆ ಮಗು ಅಲ್ಲಿ ಒಂದು ದಿನಾನೂ ನಗಬಾರದು. ಅತ್ತೂ ಅತ್ತೂ ಊರು ಒಂದು ಮಾಡ್ಲಿ. ಇವಳೇ ಕೈ ಮುಗಿದು ತಂದು ಬಿಡಬೇಕು."

ಪಕ್ಕದ ಬೋರ್ಡು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ. ಎದುರು ತುದಿಯಲ್ಲಿ ಇಂಥದೇ ಇನ್ನೊಂದು ಬೋಗುಣಿ ಇದೆ, ಇಲ್ಲಿ ಪಿಸುಗುಟ್ಟಿದರೆ ಅಲ್ಲಿದ್ದವರಿಗೆ ಕೇಳಿಸುತ್ತದೆ ಎಂದು ಬರೆದಿತ್ತು. ತಿರುಗಿ ನೋಡಿದೆ. ದೂರದಲ್ಲಿ, ಆ ಇನ್ನೊಂದು ಬೋಗುಣಿಯ ಮುಂದೆ, ಅತ್ತೆ ಪುಟ್ಟಿಯನ್ನು ಎತ್ತಿಕೊಂಡು ನಿಂತಿದ್ದರು.

ಅಮ್ಮನ ಮುಖದ ಮುಂದಿನ ತಗಡಿನಿಂದ ಸಣ್ಣ ದನಿ ಬಂತು.

"ಅಜ್ಜೀ, ನಾನು ಎಷ್ಟು ದಿನ ಅಳ್ಬೇಕು?"

ನಮ್ಮಮ್ಮನ ಎರಡೂ ಗಂಟಲು ಒಟ್ಟಿಗೆ ಕಟ್ಟಿಕೊಂಡವು. ಕೊನೆಗೆ ಅಮ್ಮ, ಯಾರದೋ ದನಿಯಲ್ಲಿ, "ಅಳ್ಬೇಡ ಕಂದಾ. ನಾನು ಸುಮ್ನೆ ಏನೋ ಅಂದೆ. ನೀನು ಅಳಲೇಬಾರದು" ಎಂದಳು.

"ಆಯ್ತು" ಎಂದಿತು ತಗಡು.

ಅತ್ತೆ ಒಂದು ಮಾತೂ ಆಡಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಅಮ್ಮನಿಗೇ ಬಿಟ್ಟುಕೊಟ್ಟರು. ಮನೆಗೆ ಬಂದ ಅಮ್ಮ ನನ್ನ ಮೇಲೆ ಹರಿಹಾಯ್ದಳು: "ಎಲ್ಲಾ ಕೇಳಿಸ್ಕೊಂಡೂ ಸುಮ್ನಿದ್ಲಲ್ಲ. ತಿರುಗಿಸಿ ಒಂದು ಮಾತು ಅಂದಿದ್ರೆ ನನಗೂ ಸಮಾಧಾನ ಆಗ್ತಿತ್ತು. ಒಳ್ಳೆಯವಳು ಅನ್ನಿಸ್ಕೊಳ್ಳೋದ್ರಲ್ಲೂ ಅವಳೇ ಮುಂದೆ." ಶಾಲೆ ಶುರುವಾಯಿತು. ಪುಟ್ಟಿ ಚೀಲ ಹೊತ್ತು ಅತ್ತೆಯ ಮನೆಗೆ ಹೋದಳು. ಆ ವಾರವೆಲ್ಲ ಅಮ್ಮ ಗೋಡೆಯ ಜೊತೆಗೂ ಮಾತು ಬಿಟ್ಟಿದ್ದಳು.

ಶನಿವಾರ ಪುಟ್ಟಿ ಬಂದಾಗ, ಅಮ್ಮ ಶೂ ಬಿಚ್ಚುವುದಕ್ಕೂ ಬಿಡದೆ ಬಾಗಿಲಲ್ಲೇ ಕೂರಿಸಿಕೊಂಡು ಕೇಳಿದಳು.

"ಅಲ್ಲಿ ಅತ್ತಿದ್ಯಾ?"

"ಇಲ್ಲ."

"ರಾತ್ರಿ ಮಲಗೋವಾಗ?"

"ಇಲ್ಲ ಅಜ್ಜಿ."

ಅಮ್ಮನ ಮುಖ ಸಣ್ಣಗಾಯಿತು. "ಒಂದು ಚೂರೂ ಅಳು ಬರ್ಲಿಲ್ವಾ ನಿಂಗೆ?"

"ದಿನಾ ಬರ್ತಿತ್ತು. ನೀನು ಅಳಬಾರದು ಅಂದಿದ್ದೆ ಅಲ್ವಾ, ಅದಕ್ಕೆ ನುಂಗ್ಕೊಂಡೆ."

ಅಮ್ಮನ ಮುಖ ಅರಳಿತು. ನೋಡುವ ನನಗೇ ನಾಚಿಕೆಯಾಗುವಷ್ಟು ಅರಳಿತು. ಮರುಕ್ಷಣ ಮಗುವನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಪುಟ್ಟಿ ಅಜ್ಜಿಯ ಸೆರಗಿನಿಂದಲೇ ಅವಳ ಕಣ್ಣೊರೆಸಿದಳು.

"ಈಗ ನಾನೂ ಅಳ್ಲಾ ಅಜ್ಜಿ?" ಎಂದು ಕೇಳಿದಳು.