ಒಲೆಯ ಹೆಣ್ಣುಮಕ್ಕಳು

ಹೆರಿಗೆ ರಜೆ ಮುಗಿಸಿಕೊಂಡು ಸಣ್ಣಕ್ಕ ನಿಘಂಟಿನ ಕಚೇರಿಗೆ ಮರಳಿದಾಗ ಅವಳ ಕುರ್ಚಿಯ ಮೇಲೆ ಪ್ರೂಫಿನ ಕಟ್ಟು ಕೂತಿತ್ತು. ಲ್ಯಾಟಿನ್ ಮತ್ತು ಅದರಿಂದ ಹುಟ್ಟಿದ ಭಾಷೆಗಳಿಗೆ ಶಾಲಾ ನಿಘಂಟು ಕಟ್ಟುವುದು ಅಲ್ಲಿಯ ಕೆಲಸ. ಅದರಲ್ಲಿ 'ಎಫ್' ಅಕ್ಷರ ಅವಳದಾಗಿತ್ತು. ಸಂಪಾದಕರಾದ ದೊಡ್ಡ ಮೇಷ್ಟ್ರು ಈಗ ಅದನ್ನು ಬೇರೆಯವರಿಗೆ ಕೊಡುವವರಿದ್ದರು. ಎಳೆಕೂಸಿನ ತಾಯಿ, ಮನಸ್ಸೆಲ್ಲ ಮನೆಯಲ್ಲೇ, ಸದ್ಯಕ್ಕೆ ಪ್ರೂಫು ನೋಡಿಕೊಂಡಿರಲಿ ಎಂಬುದು ಅವರ ವಾದ.

ಮನಸ್ಸು ಮನೆಯಲ್ಲಿದ್ದದ್ದು ನಿಜವೇ. ಕೂಸಿನ ಬಿಕ್ಕಳಿಕೆ ನಿಂತಿತೇ ಎಂದು ಆಗಲೇ ಎರಡು ಸಲ ಅತ್ತೆಗೆ ಫೋನ್ ಮಾಡಿದ್ದಳು. ಆದರೆ ಪದದ ವಿಷಯ ಬಂದರೆ ಅವಳು ಯಾರಿಗೂ ಸೊಪ್ಪು ಹಾಕುವವಳಲ್ಲ.

ಆ ಕಚೇರಿಯಲ್ಲಿ ಒಂದೊಂದು ಲ್ಯಾಟಿನ್ ಪದಕ್ಕೂ ಒಂದೊಂದು ಮರದ ತಟ್ಟೆ. ಅದನ್ನು ತವರು ಎನ್ನುತ್ತಿದ್ದರು. ಆ ಪದದಿಂದ ಹುಟ್ಟಿದ ಪದಗಳ ಚೀಟಿಗಳೆಲ್ಲ ಅದರೊಳಗೆ. ಬೆಂಕಿ ಎಂಬರ್ಥದ 'ಇಗ್ನಿಸ್' ತಟ್ಟೆಯಲ್ಲಿ ಮೇಷ್ಟ್ರು ಇಟಲಿಯ 'ಫ್ವೊಕೊ', ಸ್ಪೇನಿನ 'ಫ್ವೇಗೊ', ಪೋರ್ಚುಗಲ್ಲಿನ 'ಫೋಗು', ರೊಮೇನಿಯದ 'ಫೋಕ್' ಎಲ್ಲವನ್ನೂ ಕೂರಿಸಿಬಿಟ್ಟಿದ್ದರು. ಎಲ್ಲಕ್ಕೂ ಅರ್ಥ ಬೆಂಕಿಯೇ. ಆದರೆ ಈ ಹೆಣ್ಣುಮಕ್ಕಳಲ್ಲಿ ಒಬ್ಬಳ ಮೂಗೂ ತಾಯಿ ಇಗ್ನಿಸ್‌ನ ಹಾಗಿಲ್ಲ. ಸಣ್ಣಕ್ಕ ಅವನ್ನು ಎತ್ತಿ 'ಫೋಕುಸ್' ತಟ್ಟೆಗೆ ಹಾಕಿದಳು. ಫೋಕುಸ್ ಎಂದರೆ ಒಲೆ.

ಮೇಷ್ಟ್ರು ಕನ್ನಡಕ ಮೇಲೇರಿಸಿದರು. ಒಲೆಯೆಲ್ಲಿ, ಬೆಂಕಿಯೆಲ್ಲಿ, ಓದುವ ಮಕ್ಕಳ ತಲೆ ಕೆಡುವುದಿಲ್ಲವೇ ಎಂದು ಕೇಳುತ್ತಿರುವಾಗಲೇ ಫೋನ್ ಬಂತು. ಅತ್ತೆಯ ದನಿ ಇಡೀ ಕೋಣೆಗೆ ಕೇಳುವಂಥದ್ದು.

"ಹಾಲು ಕಾಯಿಸಿ ಒಲೆ ಆರಿಸದೇ ಹೋಗಿದ್ದೀಯಲ್ಲಮ್ಮ. ನಾನು ನೋಡಿ ಆರಿಸಿದೆ."

ಕೋಣೆಯಲ್ಲಿದ್ದವರು ಕಿಸಕ್ಕೆಂದರು. ಮೇಷ್ಟ್ರು ಮೆಲ್ಲಗೆ, "ನಾನು ಹೇಳಿದ್ದೂ ಇದನ್ನೇ," ಎಂದರು.

ಕೂಸು ಹುಷಾರು ತಾನೆ ಎಂದು ಕೇಳಿಕೊಂಡೇ ಸಣ್ಣಕ್ಕ ಫೋನ್ ಇಟ್ಟಳು. ಅದು ಅಡುಗೆಮನೆಯ ಪಕ್ಕದಲ್ಲೇ ಮಲಗುತ್ತಿತ್ತು. ಆಮೇಲೆ ಅವಳು, "ನಮ್ಮತ್ತೆ ಬೆಂಕಿ ಆರಿಸಿದೆ ಅನ್ನಲಿಲ್ಲ ಮೇಷ್ಟ್ರೇ, ಒಲೆ ಆರಿಸಿದೆ ಅಂದ್ರು. ಆ ಕಾಲದ ರೋಮಿನ ಹೆಂಗಸರೂ ಹೀಗೇ ಅಂದೂ ಅಂದೂ ಒಲೆಯ ಪದವೇ ಬೆಂಕಿಯ ಪದ ಆಯ್ತು. ಇಗ್ನಿಸ್ ಪಂಡಿತರ ಪುಸ್ತಕದಲ್ಲೇ ಉಳೀತು," ಎಂದಳು.

ಮತ್ತೊಂದು ಚೀಟಿ ಮುಂದೆ ತಳ್ಳಿದಳು. ಸ್ಪೇನಿನ 'ಒಗಾರ್', ಮೊದಲಿನ ಎಫ್ ಉದುರಿಹೋದರೂ ಇದೇ ಒಲೆಯ ಬಳಗ. ಅರ್ಥ, ಮನೆ.

ಮೇಷ್ಟ್ರು ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕೊನೆಗೆ, ಇಗ್ನಿಸ್ ತಟ್ಟೆ ಬರಿದಾಗಿರಬಾರದು, ಹುಡುಕಿ ಬಂದವರಿಗೆ ದಾರಿ ತೋರಿಸುವ ಚೀಟಿ ಒಂದಿರಲಿ ಎಂದರು. ಅವಳು ಒಪ್ಪಿ, 'ಫೋಕುಸ್ ನೋಡಿ' ಎಂದು ಅಲ್ಲೇ ಬರೆದಳು. ಅವರೇ ಎದ್ದು ಕುರ್ಚಿಯ ಮೇಲಿದ್ದ ಪ್ರೂಫಿನ ಕಟ್ಟನ್ನು ಕಂಕುಳಿಗೆ ಸೇರಿಸಿದರು.

"ಎಫ್ ನೀನೇ ಮುಗಿಸಮ್ಮ."

ಸಣ್ಣಕ್ಕ ಕುರ್ಚಿಯಲ್ಲಿ ಕೂತಳು, ಫೋಕುಸ್ ತಟ್ಟೆಯನ್ನು ಎದುರಿಗೆ ಎಳೆದುಕೊಂಡಳು, ಮತ್ತೆ ಫೋನ್ ಹಚ್ಚಿದಳು.

"ಅತ್ತೆ, ಸಿಲಿಂಡರ್ ಕೂಡ ಬಂದ್ ಮಾಡಿದ್ರಿ ತಾನೆ?"